ಹೆಣಿಗೆ ಪುಸ್ತಕಗಳ ರಾಶಿ ಕೊನೆಗೂ ಹದಕ್ಕೆ ಬಂದದ್ದು ಹೀಗೆ

ಒಂಬೈನೂರರ ಆಸುಪಾಸು ಪತ್ರಿಕೆ, ನೂರೈವತ್ತರಷ್ಟು ಪುಸ್ತಕ, ಎರಡು ಟ್ರಂಕ್ ತುಂಬ ಬಿಡಿ ಹಾಳೆ. ಇಷ್ಟರೊಳಗಿಂದ ನಿಮಗೆ ಬೇಕಾದ ಸ್ವೆಟರ್ ಮಾದರಿಯನ್ನು ನಾನೀಗ ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಎರಡು ವರ್ಷದ ಹಿಂದೆ ಈ ಮಾತು ಹೇಳಿದ್ದರೆ ನಮ್ಮ ಮನೆಯವರೇ ನಂಬುತ್ತಿರಲಿಲ್ಲ. ನಮ್ಮ ಹೆಣಿಗೆ ಗುಂಪಿನ ಗೆಳತಿಯರಂತೂ, "ಗುಜರಿಗೆ ಹಾಕ್ಬಿಡ್ರೀ, ಎಲ್ಲಾ ಯೂಟ್ಯೂಬ್‌ನಲ್ಲೇ ಸಿಗುತ್ತೆ" ಎಂದಿದ್ದರು. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಪರಿಚಯದವರೊಬ್ಬರು ನನ್ನ ಯೋಚನೆ ಕೇಳಿ, "ಹೀಗೆ ಯಾರೂ ಪುಸ್ತಕ ಜೋಡಿಸೋದಿಲ್ಲಮ್ಮ" ಎಂದಿದ್ದರು. ಮೊನ್ನೆ ಅವರೇ ಮನೆಗೆ ಬಂದು ಒಂದು ಗಂಟೆ ಕೂತು ನನ್ನ ಕಾರ್ಡುಗಳನ್ನು ತಿರುವಿ ನೋಡಿದರು. ಅದಕ್ಕೇ ಬರೆಯೋಣ ಅನ್ನಿಸಿತು.

ಕಡ್ಡಿ, ಕ್ರೋಶಾ ಎರಡೂ ಬಲ್ಲವರಿಗೆ ಇದು. ಪ್ಲೈ ಅಂದರೆ ಉಲ್ಲನ್ನಿನ ದಪ್ಪ, ಟೆನ್ಷನ್ ಅಂದರೆ ನಾಲ್ಕಿಂಚಿಗೆ ಎಷ್ಟು ಸ್ಟಿಚ್ ಎಂಬ ಲೆಕ್ಕ, ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ನನ್ನ ಲೆಕ್ಕಗಳು ನೆನಪಿನಿಂದ ಬರೆದವು, ಹತ್ತಿಪ್ಪತ್ತು ಆಚೀಚೆ ಇರಬಹುದು.

ರಾಶಿ ಸೇರಿದ್ದು ಬೇರೆ ಬೇರೆ ಕಡೆಯಿಂದ. ಒಂದು ಟ್ರಂಕ್ ನಮ್ಮ ಅತ್ತೆಯವರದ್ದು. ಅವರು ಕನ್ನಡ ವಾರಪತ್ರಿಕೆಗಳ ಮಹಿಳಾ ಪುಟಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಡುತ್ತಿದ್ದರು. ಹೊಲಿಗೆ ಟೀಚರ್ ಆಗಿದ್ದವರೊಬ್ಬರು ತೀರಿಕೊಂಡ ಮೇಲೆ ಅವರ ಸೊಸೆ ಆಟೋದಲ್ಲಿ ಹಾಕಿ ಕಳಿಸಿದ್ದು ಇನ್ನೊಂದು ಪಾಲು. ಅದರಲ್ಲಿ ಬ್ರಿಟನ್ನಿನ ವುಮನ್ಸ್ ವೀಕ್ಲಿ, ನಮ್ಮ ಫೆಮಿನಾ, ಹಿಂದಿ ಪತ್ರಿಕೆಗಳ ಚಳಿಗಾಲದ ಹೆಣಿಗೆ ವಿಶೇಷಾಂಕ, ಉಲ್ಲನ್ ಕಂಪನಿಗಳು ಹಂಚುತ್ತಿದ್ದ ಮಡಿಕೆ ಹಾಳೆಗಳು ಎಲ್ಲ ಕಲಸಿಹೋಗಿದ್ದವು. ಒಂದು ಮಹಿಳಾ ಸಮಾಜದವರು ಜಾಗ ಖಾಲಿ ಮಾಡುವಾಗ ಕೊಟ್ಟದ್ದು ಮತ್ತೊಂದು ಪಾಲು. ಉಳಿದವನ್ನು ನಾನೇ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೊಂಡೆ. ಅವೆನ್ಯೂ ರಸ್ತೆಯಲ್ಲಿ ಕಟ್ಟು ಕಟ್ಟಾಗಿ ಅಗ್ಗಕ್ಕೆ ಕೊಡುವವರು ಯಾರು ಎಂಬುದನ್ನು ಮಾತ್ರ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ.

ಎಲ್ಲರೂ ಹೇಳುವ ಮೊದಲ ದಾರಿ, ಪತ್ರಿಕೆಯ ಹೆಸರು ಹಿಡಿದು ವರ್ಷದ ಪ್ರಕಾರ ಜೋಡಿಸುವುದು. ಹಾಗೇ ಜೋಡಿಸಿದೆ. ನೋಡಲು ಚೆನ್ನಾಗಿತ್ತು, ಕಪಾಟು ಅಂಗಡಿಯ ಹಾಗೆ ಕಾಣುತ್ತಿತ್ತು. ಆದರೆ ಹೆಣೆಯುವವರು ಯಾರೂ "1983ರ ನವೆಂಬರ್ ಸಂಚಿಕೆ ಕೊಡಿ" ಎಂದು ಬರುವುದಿಲ್ಲ. "ಮೊಮ್ಮಗನಿಗೆ ಏಳು ವರ್ಷ, ನನ್ನ ಹತ್ತಿರ ಇಷ್ಟು ಉಲ್ಲನ್ ಇದೆ, ಏನು ಮಾಡಲಿ" ಎಂದು ಬರುತ್ತಾರೆ. ಹಾಗೆ ಬಂದಾಗ ಇಡೀ ಕಪಾಟನ್ನೇ ಕೆಳಗಿಳಿಸಬೇಕಾಗುತ್ತಿತ್ತು.

ವರ್ಷ ಹಚ್ಚುವ ಕೆಲಸದಲ್ಲಿ ಒಂದು ಮಳೆಗಾಲವೇ ಕಳೆಯಿತು. ಅದು ದಂಡ ಅಂತ ನನಗೆ ಅನ್ನಿಸಿಲ್ಲ. ಮುಖಪುಟ ಹೋದ ಪತ್ರಿಕೆಗಳ ಕಾಲವನ್ನು ಜಾಹೀರಾತು ನೋಡಿ ಹೇಳಬಹುದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬರೀ "ಬೆಂಗಳೂರು-3" ಅಂತಿದ್ದರೆ ಅದಕ್ಕಿಂತ ಹಳೆಯದು ಇರುವ ಸಾಧ್ಯತೆ ಜಾಸ್ತಿ. ಪೂರ್ತಿ ಅಲ್ಲ, ಯಾಕೆಂದರೆ ಆಮೇಲೂ ಕೆಲವರು ಹಳೇ ಅಭ್ಯಾಸದಂತೆ ಬರೆಯುತ್ತಿದ್ದರು. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದ್ದು. ಬೆಲೆ ಆಣೆಯಲ್ಲಿದ್ದರೆ 1957ರ ಹಿಂದಿನದ್ದೋ, ಅದರ ಆಸುಪಾಸಿನದ್ದೋ. ಬ್ರಿಟಿಷ್ ಹಾಳೆಗಳಲ್ಲಿ ಶಿಲಿಂಗ್, ಹಳೇ ಪೆನ್ನಿ ಕಂಡರೆ 1971ರ ಫೆಬ್ರವರಿ 15ಕ್ಕಿಂತ ಹಿಂದಿನದ್ದು, ಅವತ್ತು ಅಲ್ಲಿ ದಶಮಾಂಶ ನಾಣ್ಯ ಬಂತು. ಮಾರುವಾಗ ಈ ವಿದ್ಯೆ ಕೈಹಿಡಿಯಿತು, ಅದನ್ನು ಮುಂದೆ ಹೇಳುತ್ತೇನೆ. ಹೆಣೆಯುವುದಕ್ಕೆ ಮಾತ್ರ ವರ್ಷದಿಂದ ಏನೂ ಉಪಯೋಗವಿಲ್ಲ.

ಎರಡನೆಯದು ಗ್ರಂಥಾಲಯದ ಡ್ಯೂಯಿ ಸಂಖ್ಯೆ, ಅಂದರೆ ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ. ಆ ಪರಿಚಯದವರ ಸಲಹೆ. ಅದರಲ್ಲಿ ಹೆಣಿಗೆಗೆ 746.432, ಕ್ರೋಶಾಗೆ 746.434. ಊರಿಗೆಲ್ಲ ಬೇಕಾದ ಗ್ರಂಥಾಲಯಕ್ಕೆ ಅದು ಸರಿ. ನನ್ನ ರಾಶಿಯಲ್ಲಿ ಮುಕ್ಕಾಲು ಪಾಲು ಒಂದೇ ಸಂಖ್ಯೆಗೆ ಬಿತ್ತು. ಎಲ್ಲದಕ್ಕೂ ಒಂದೇ ಚೀಟಿ ಅಂಟಿಸಿದರೆ ಏನು ಬಂತು?

ಮೂರನೆಯದಕ್ಕೆ ದುಡ್ಡು ಹೋಯಿತು. ಪತ್ರಿಕೆ ಬಿಚ್ಚಿ, ಬೇಕಾದ ಪುಟ ಮಾತ್ರ ಕತ್ತರಿಸಿ, ಪ್ಲಾಸ್ಟಿಕ್ ಹಾಳೆಗಳ ಫೋಲ್ಡರಿಗೆ ಹಾಕುವುದು. ಗಂಡಸರದು, ಹೆಂಗಸರದು, ಮಕ್ಕಳದು, ಶಾಲು-ಟೋಪಿ ಎಂದು ವಿಭಾಗ. ಕೇಳಲು ಅಚ್ಚುಕಟ್ಟು, ಅಲ್ವಾ? ಫೋಲ್ಡರ್, ಹಾಳೆ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಖರ್ಚಾಯಿತು. ಐವತ್ತು ಪತ್ರಿಕೆ ಆಗುವಷ್ಟರಲ್ಲಿ ತೊಂದರೆ ಶುರು. ಒಂದು ಸ್ವೆಟರಿನ ಮುಂಭಾಗ 14ನೇ ಪುಟದಲ್ಲಿ, ತೋಳು 61ನೇ ಪುಟದಲ್ಲಿ. ಒಂದು ಪುಟದ ಬೆನ್ನಿಗೆ ಇನ್ನೊಂದು ಮಾದರಿಯ ಅರ್ಧ. ಅದು ಮಕ್ಕಳ ವಿಭಾಗಕ್ಕೋ, ಗಂಡಸರ ವಿಭಾಗಕ್ಕೋ? ಕೆ ಎಂದರೇನು, ಪಿ.ಎಸ್.ಎಸ್.ಒ. ಎಂದರೇನು ಎಂಬ ಸಂಕ್ಷೇಪಗಳ ಪಟ್ಟಿ ಪತ್ರಿಕೆಗೆ ಒಂದೇ ಸಲ ಇರುತ್ತದೆ. ಅದು ಬೇರೆ ಫೋಲ್ಡರ್ ಸೇರಿದರೆ ಉಳಿದ ಪುಟಗಳು ಕುರುಡು. ಪತ್ರಿಕೆಯನ್ನು ಕತ್ತರಿಸಬಾರದು ಎಂಬುದು ನನ್ನ ಗಟ್ಟಿ ನಿಲುವು. ಕತ್ತರಿಸಿದ ಪತ್ರಿಕೆಗೆ ಮಾರಾಟದ ಬೆಲೆಯೂ ಇಲ್ಲ.

ಲ್ಯಾಮಿನೇಷನ್ನೂ ಮಾಡಿಸಿ ನೋಡಿದೆ. ಹಾಳೆಗೆ ಇಪ್ಪತ್ತೈದು ರೂಪಾಯಿ ಕೊಟ್ಟು ಸುಮಾರು ನಲವತ್ತೈದು ಹಾಳೆ. ಹಳೇ ಮಡಿಕೆ ಹಾಳೆಗಳು ಬಿಸಿಗೆ ಇನ್ನಷ್ಟು ಕಂದಿದವು. ಪೆನ್ಸಿಲ್ಲಿನಲ್ಲಿ ಸಾಲು ಗುರುತು ಹಾಕಿಕೊಳ್ಳಲು ಆಗುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಚಾರ್ಟ್ ಮಿನುಗಿ ಕಣ್ಣಿಗೆ ಹೊಡೆಯುತ್ತದೆ. ಒಳಗೆ ಸಿಕ್ಕ ಕಾಗದವನ್ನು ಮತ್ತೆ ಬಿಡಿಸಿ ತೆಗೆಯಲೂ ಬರುವುದಿಲ್ಲ. ಯಾರಾದರೂ ಲ್ಯಾಮಿನೇಷನ್ ಮಾಡಿಸಿ ಎಂದರೆ ಬೇಡ ಎನ್ನಿ.

ಇನ್ನು ಫಲ ಕೊಟ್ಟ ದಾರಿ.

ನಾವು ಒಂದು ಮಾದರಿಯನ್ನು ಹಿಡಿದ ಕೂಡಲೇ ಮೊದಲು ನೋಡುವುದೇನು? ಟೆನ್ಷನ್ ಸಾಲು. ನಾಲ್ಕು ಇಂಚಿಗೆ ಎಷ್ಟು ಸ್ಟಿಚ್. ಹಾಗಾದರೆ ಜೋಡಿಸುವುದೂ ಅದರ ಮೇಲೇ ಯಾಕಾಗಬಾರದು? ಪತ್ರಿಕೆಗಳು ಎಲ್ಲಿ ಬೇಕಾದರೂ ಇರಲಿ, ಹೇಗೆ ಬೇಕಾದರೂ ಇರಲಿ. ಒಂದೊಂದು ಮಾದರಿಗೂ ಒಂದು ಕಾರ್ಡ್, ಕಾರ್ಡುಗಳು ಸ್ಟಿಚ್ ಸಂಖ್ಯೆಯ ಪ್ರಕಾರ. ಉಲ್ಲನ್ನಿನ ಹೆಸರು ಹಿಡಿದರೆ ಕೆಲಸ ಕೆಟ್ಟಂತೆ. ಹಳೇ ಹಾಳೆಗಳಲ್ಲಿರುವ ಉಲ್ಲನ್‌ಗಳಲ್ಲಿ ಅರ್ಧ ಈಗ ತಯಾರೇ ಆಗುವುದಿಲ್ಲ. ಸ್ಟಿಚ್ ಸಂಖ್ಯೆ ಮಾತ್ರ ಹಳತಾಗುವುದಿಲ್ಲ. 1960ರ ಹಾಳೆಯಲ್ಲಿ ನಾಲ್ಕಿಂಚಿಗೆ 28 ಅಂತಿದ್ದರೆ ಇವತ್ತು ಅಂಗಡಿಯಲ್ಲಿ ಸಿಗುವ 4 ಪ್ಲೈಯಲ್ಲಿ 10 ನಂಬರ್ ಕಡ್ಡಿ ಹಿಡಿದು ಅದನ್ನೇ ಹೆಣೆಯಬಹುದು.

ಐದು ಬಣ್ಣ ಮಾಡಿಕೊಂಡೆ. ನಾಲ್ಕಿಂಚಿಗೆ 30 ಅಥವಾ ಮೇಲೆ ಇದ್ದರೆ ಹಳದಿ: ಮಗುವಿನ ಕುಲಾವಿ, ಕಾಲುಚೀಲ, 2-3 ಪ್ಲೈಯ ತೆಳು ಕೆಲಸ. 26ರಿಂದ 29 ಹಸಿರು, ಅಂದರೆ 4 ಪ್ಲೈ. 21ರಿಂದ 25 ನೀಲಿ, ಡಬಲ್ ನಿಟ್ಟಿಂಗ್ ಎಂಬ ನಡುದಪ್ಪದ ಉಲ್ಲನ್, 8 ನಂಬರ್ ಕಡ್ಡಿ. 16ರಿಂದ 20 ಕೆಂಪು, ಅದಕ್ಕಿಂತ ದಪ್ಪನೆಯ ಆರಾನ್ ಉಲ್ಲನ್. 15 ಮತ್ತು ಕೆಳಗೆ ಕಪ್ಪು. ಕಾರ್ಡಿನ ಮೇಲಂಚಿಗೆ ಸ್ಕೆಚ್ ಪೆನ್ನಿನ ಗೆರೆ, ಅಷ್ಟೇ. ಬಣ್ಣದೊಳಗೆ ಉಲ್ಲನ್ನಿನ ತೂಕದ ಪ್ರಕಾರ ಕಡಿಮೆಯಿಂದ ಜಾಸ್ತಿಗೆ. ಉಡುಪು ಯಾವುದು ಎಂಬುದು ಮೂರನೇ ಸ್ಥಾನದಲ್ಲಿ. ಇದಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. "ಸ್ವೆಟರ್, ಶಾಲು, ಟೋಪಿ ಎಲ್ಲಾ ಒಂದೇ ಡಬ್ಬದಲ್ಲಾ?" ಎಂದು. ಹೌದು, ಒಂದೇ ಡಬ್ಬದಲ್ಲಿ. ಮನೆಯಲ್ಲಿ 150 ಗ್ರಾಂ 4 ಪ್ಲೈ ಉಳಿದಿರುವವರಿಗೆ ಹಸಿರು ಡಬ್ಬದಲ್ಲಿ 150ರ ಜಾಗ ತೆರೆದರೆ ಟೋಪಿ, ಮಗುವಿನ ಸ್ವೆಟರ್, ಮಫ್ಲರ್ ಎಲ್ಲ ಒಟ್ಟಿಗೇ ಸಿಗುತ್ತವೆ. ಅವರು ಆರಿಸಿಕೊಳ್ಳುತ್ತಾರೆ.

ತೂಕದಲ್ಲಿ ಒಂದು ಎಚ್ಚರಿಕೆ ಬೇಕು. ಹಳೇ ಬ್ರಿಟಿಷ್ ಹಾಳೆಗಳಲ್ಲಿ ಔನ್ಸ್ ಇರುತ್ತದೆ, ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. 12 ಔನ್ಸ್ ಅಂದರೆ 340 ಗ್ರಾಂ. ಆದರೆ ಅದು ಶುದ್ಧ ಉಣ್ಣೆಯ ಲೆಕ್ಕ. ನಾವು ಜಾಸ್ತಿ ಹೆಣೆಯುವುದು ಅಕ್ರಿಲಿಕ್‌ನಲ್ಲಿ. ಅದು ಹಗುರ, ಅದೇ ತೂಕಕ್ಕೆ ಉದ್ದ ಜಾಸ್ತಿ ಬರುತ್ತದೆ. ನನ್ನ ಕೈಗೆ 340ರ ಕೆಲಸ ಮುನ್ನೂರರ ಹತ್ತಿರ ಮುಗಿದಿದೆ. ಆದ್ದರಿಂದ ಕಾರ್ಡಿನಲ್ಲಿ ಎರಡೂ ಬರೆಯುತ್ತೇನೆ, ಹಾಳೆಯ ತೂಕ ಮೇಲೆ, ನನ್ನ ಅಂದಾಜು ಕೆಳಗೆ.

ಟೆನ್ಷನ್ ಸಾಲೇ ಇಲ್ಲದ ಮಾದರಿಗಳದ್ದು ದೊಡ್ಡ ತಲೆನೋವು. ನಮ್ಮ ಅತ್ತೆಯ ಕನ್ನಡ ತುಣುಕುಗಳಲ್ಲಿ ಮುಕ್ಕಾಲು ಪಾಲು ಹಾಗೇ. "4 ಔನ್ಸ್ ಉಲ್ಲನ್, 10 ನಂಬರ್ ಕಡ್ಡಿ" ಅಷ್ಟೇ. ಹಿಂದಿ ವಿಶೇಷಾಂಕಗಳಲ್ಲೂ ಹಲವು ಹೀಗೇ ಇವೆ. ಇಲ್ಲಿಗೇ ಈ ಪದ್ಧತಿ ಮುಗಿಯಿತು ಎಂದು ಗೆಳತಿಯರು ಹೇಳಿದ್ದು. ಆದರೆ ಲೆಕ್ಕ ಹಿಂದಿನಿಂದ ಹಾಕಬಹುದು. ಕೆಳಗಂಚಿನ ರಿಬ್ ಪಟ್ಟಿ ಮುಗಿದ ಮೇಲೆ ಬೆನ್ನಿನ ಭಾಗದಲ್ಲಿ ಎಷ್ಟು ಸ್ಟಿಚ್ ಇದೆ ನೋಡಿ. 112 ಅಂದುಕೊಳ್ಳಿ. ಎದೆಯಳತೆ 30 ಇಂಚು, ಸಡಿಲಕ್ಕೆ 2 ಸೇರಿಸಿದರೆ 32, ಅದರ ಅರ್ಧ 16. 112ನ್ನು 16ರಿಂದ ಭಾಗಿಸಿದರೆ ಇಂಚಿಗೆ 7, ನಾಲ್ಕಿಂಚಿಗೆ 28. ಹಸಿರು ಡಬ್ಬ. ಜಡೆಯಂಥ ಕೇಬಲ್ ಡಿಸೈನ್ ಇದ್ದರೆ ಈ ಲೆಕ್ಕ ಸುಳ್ಳು ಹೇಳುತ್ತದೆ, ಯಾಕೆಂದರೆ ಕೇಬಲ್ ಎಳೆದುಕೊಳ್ಳುತ್ತದೆ. ಅದಕ್ಕೆ ನಾನು ಒಂದು ತಿದ್ದುಪಡಿ ಸಂಖ್ಯೆ ಇಟ್ಟುಕೊಂಡಿದ್ದೇನೆ. ಹತ್ತಾರು ಚೌಕ ಹೆಣೆದು ಕಂಡುಕೊಂಡದ್ದು, ಇಲ್ಲಿ ಬಿಟ್ಟುಕೊಡುವುದಿಲ್ಲ. ನೀವೂ ಹೆಣೆದು ನೋಡಿ.

ಎಲ್ಲ ಮಾದರಿಗೂ ಕಾರ್ಡ್ ಬರೆಯಲು ಹೊರಟರೆ ಜನ್ಮ ಸಾಲದು. ಒಂದು ವಿಶೇಷಾಂಕದಲ್ಲೇ ನಲವತ್ತು ಮಾದರಿ ಇರುತ್ತವೆ. ನಾನು ಪತ್ರಿಕೆಗೆ ಮೂರು ನಾಲ್ಕು ಮಾತ್ರ ಆರಿಸಿದೆ. ಯಾರಾದರೂ ಇವತ್ತೂ ತೊಡುತ್ತಾರಾ? ಅಥವಾ ಅದರ ಡಿಸೈನನ್ನು ಬೇರೆ ಕಡೆ ಹಾಕಬಹುದಾ? ಎರಡಕ್ಕೂ ಇಲ್ಲ ಎಂದರೆ ಪುಟ ತಿರುಗಿಸು. ಭುಜಕ್ಕೆ ಪ್ಯಾಡ್ ಇಟ್ಟ ಎಂಬತ್ತರ ದಶಕದ ಜಂಪರ್‌ಗಳೆಲ್ಲ ಹಾಗೆ ಹೋದವು. ಒಟ್ಟು ಮೂರು ಸಾವಿರದ ಹತ್ತಿರ ಕಾರ್ಡ್ ಆಗಿದೆ. ಸಂಜೆ ಹೊತ್ತು ಇಪ್ಪತ್ತು ಬರೆದರೆ ಅದೇ ದೊಡ್ಡದು, ಹಬ್ಬ ಹರಿದಿನ ಬಂದರೆ ಅದೂ ಇಲ್ಲ. ಒಂದೂವರೆ ವರ್ಷ ಹಿಡಿಯಿತು.

ಕಾರ್ಡ್ 5ಕ್ಕೆ 3 ಇಂಚು. ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಕತ್ತರಿಸಿ ಉಳಿದ ದಪ್ಪ ಕಾಗದ ಕೇಳಿ ಅಳತೆಗೆ ಕೊಯ್ಯಿಸಿದೆ. ಆರುನೂರು ಏಳುನೂರು ರೂಪಾಯಿಗೆ ಎಲ್ಲ ಮುಗಿಯಿತು. ಅಂಗಡಿಯ ಕಾರ್ಡ್ ಕೊಂಡಿದ್ದರೆ ಮೂರು ಪಟ್ಟು ಆಗುತ್ತಿತ್ತು. ಕಾರ್ಡಿನಲ್ಲಿ ಸ್ಟಿಚ್, ತೂಕ, ಎದೆಯಳತೆ, ಕಡ್ಡಿ ಮಿಲಿಮೀಟರಿನಲ್ಲಿ, ಪತ್ರಿಕೆ ಇರುವ ಪೆಟ್ಟಿಗೆಯ ಸಂಖ್ಯೆ, ಪುಟ. ಚಿತ್ರ ಅಂಟಿಸಲು ಹೋಗಬೇಡಿ, ಕಾರ್ಡ್ ಉಬ್ಬಿ ಡಬ್ಬ ತುಂಬಿಬಿಡುತ್ತದೆ. ಎರಡು ಮಾತು ಬರೆದರೆ ಸಾಕು: "ಮುಂದೆ ಗುಂಡಿ, ಎಲೆ ಡಿಸೈನ್."

ಕಡ್ಡಿಯನ್ನು ಮಿಲಿಮೀಟರಿನಲ್ಲೇ ಬರೆಯಬೇಕು ಎಂದು ಒತ್ತಿ ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೇ ಬ್ರಿಟಿಷ್ ನಂಬರ್, ಸಂಖ್ಯೆ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ತಿರುಗಾ ಮುರುಗಾ. ನಮ್ಮ 8 ಅಂದರೆ 4 ಮಿ.ಮೀ., ಅವರ 8 ಅಂದರೆ 5. ನಮ್ಮ 10 ಅಂದರೆ ಮೂರೂಕಾಲು, ಅವರ 10 ಅಂದರೆ 6. ನಮ್ಮ ಗುಂಪಿನ ಒಬ್ಬರು ಅಮೆರಿಕದ ಪತ್ರಿಕೆ ನೋಡಿ ಇಲ್ಲಿನ 8 ನಂಬರಿನಲ್ಲಿ ಹೆಣೆದು, 36 ಇಂಚಿನ ಸ್ವೆಟರ್ 30ಕ್ಕೆ ಬಂದು ನಿಂತಿತ್ತು. ಎರಡು ತಿಂಗಳ ಕೆಲಸ ಅದು. 7 ನಂಬರ್ ಒಂದು ಮಾತ್ರ ಎರಡೂ ಕಡೆ ನಾಲ್ಕೂವರೆ ಮಿ.ಮೀ. ಅದೊಂದು ಸಮಾಧಾನ.

ಹೀಗಾಗಿ ಪ್ರತಿ ಪತ್ರಿಕೆಯ ಬೆನ್ನಿಗೆ ಮೊದಲ ದಿನವೇ "ಬ್ರಿ" ಅಥವಾ "ಅ" ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಹೆಣಿಗೆಯಲ್ಲಿ ಗುರುತು ಸುಲಭ. ಟೆನ್ಷನ್, ಕ್ಯಾಸ್ಟ್ ಆಫ್, ಸ್ಟಾಕಿಂಗ್ ಸ್ಟಿಚ್ ಎಂದರೆ ಬ್ರಿಟಿಷ್. ಗೇಜ್, ಬೈಂಡ್ ಆಫ್, ಸ್ಟಾಕಿನೆಟ್ ಎಂದರೆ ಅಮೆರಿಕ. ಕ್ರೋಶಾದಲ್ಲಿ ಇದು ಜೀವನ್ಮರಣದ ಪ್ರಶ್ನೆ, ಏಕೆಂದರೆ ಬ್ರಿಟಿಷರ ಡಬಲ್ ಕ್ರೋಶಾ ಅಮೆರಿಕದವರಿಗೆ ಸಿಂಗಲ್, ಬ್ರಿಟಿಷರ ಟ್ರೆಬಲ್ ಅವರಿಗೆ ಡಬಲ್. ಪುಟದಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಕಂಡರೆ ಅಮೆರಿಕದ್ದು ಎಂದುಕೊಳ್ಳಬಹುದು. ತುಂಬ ಹಳೇ ಬ್ರಿಟಿಷ್ ಹಾಳೆಗಳಲ್ಲಿ ಮಾತ್ರ ಸಿಂಗಲ್ ಎಂದರೆ ಸ್ಲಿಪ್ ಸ್ಟಿಚ್. ಅನುಮಾನ ಬಂದರೆ ಎರಡು ಸುತ್ತು ಹಾಕಿ ನೋಡುವುದೇ ವಾಸಿ. ನಮ್ಮ ಇಂಡಿಯಾದ ಪತ್ರಿಕೆಗಳಲ್ಲಿ ಒಂದೇ ಸಂಚಿಕೆಯಲ್ಲಿ ಎರಡೂ ಬಂದದ್ದನ್ನು ಕಂಡಿದ್ದೇನೆ. ಅಂಥವಕ್ಕೆ ಮಾದರಿಗೊಂದು ಗುರುತು.

ಜಪಾನಿನ ಪುಸ್ತಕಗಳು ನನಗೆ ಎಲ್ಲಕ್ಕಿಂತ ಇಷ್ಟ. ಒಂದಕ್ಷರ ಓದಲು ಬರದಿದ್ದರೂ ಕಾರ್ಡ್ ಮಾಡುವುದು ಸುಲಭ. ಚಿಹ್ನೆಗಳು ಎಲ್ಲ ಪುಸ್ತಕದಲ್ಲೂ ಒಂದೇ ಥರ, 10 ಸೆಂ.ಮೀ. ಚೌಕಕ್ಕೆ ಎಷ್ಟು ಸ್ಟಿಚ್, ಎಷ್ಟು ಸಾಲು ಎಂದು ಅಂಕಿಯಲ್ಲೇ ಇರುತ್ತದೆ, ಉಡುಪಿನ ನಕ್ಷೆಯಲ್ಲಿ ಅಳತೆ ಸೆಂ.ಮೀ.ನಲ್ಲಿ. ಹನ್ನೆರಡೋ ಹದಿಮೂರೋ ಪುಸ್ತಕ ಇವೆ, ಒಂದೊಂದು ಸಂಜೆಗೆ ಒಂದೊಂದು ಮುಗಿದವು. ಅಳತೆ ಮಾತ್ರ ನಮ್ಮವರಿಗೆ ಬಿಗಿ. ಒಂದು ಸೈಜಿಗೇ ಬರೆದಿರುತ್ತಾರೆ, ದೊಡ್ಡದು ಮಾಡಿಕೊಳ್ಳುವುದು ನಮ್ಮ ಕೆಲಸ.

ಕ್ರೋಶಾಗೆ ಟೆನ್ಷನ್ ಪದ್ಧತಿ ಅರ್ಧ ಮಾತ್ರ ಒಗ್ಗಿತು. ಉಲ್ಲನ್ನಿನ ಕ್ರೋಶಾಗೆ ಸರಿ. ಹತ್ತಿ ದಾರದ ಟೇಬಲ್ ಕವರ್, ಬಾಗಿಲ ತೋರಣ, ಲೇಸುಗಳಿಗೆ ಬೇರೆ ದಾರಿ ಬೇಕಾಯಿತು. ಅವನ್ನು ಆಕಾರದ ಮೇಲೆ ಜೋಡಿಸಿದೆ: ಗುಂಡನೆಯವು ಸುತ್ತುಗಳ ಸಂಖ್ಯೆಯ ಮೇಲೆ, ಅಂಚುಗಳು ಅಗಲದ ಮೇಲೆ, ಫಿಲೆ ಕೆಲಸ (ತುಂಬಿದ, ಖಾಲಿ ಚೌಕಗಳಿಂದ ಚಿತ್ರ ಮೂಡಿಸುವ ಕ್ರೋಶಾ) ಅಡ್ಡ ಎಷ್ಟು ಚೌಕ ಎಂಬುದರ ಮೇಲೆ. ಫಿಲೆಗೆ ಚೌಕದ ಸಂಖ್ಯೆ ಗೊತ್ತಿದ್ದರೆ ಎಲ್ಲ ಗೊತ್ತಿದ್ದಂತೆ. ಎರಡು ಚೈನಿನ ಚೌಕವಾದರೆ ಮೂರರಿಂದ ಗುಣಿಸಿ ಒಂದು ಸೇರಿಸಿ, ತಿರುಗುವ ಚೈನು ಬೇರೆ. 48 ಚೌಕಕ್ಕೆ 145. ಇಲ್ಲಿ ಒಂದು ಪ್ರಯೋಗಕ್ಕೆ ಇಳಿದುಬಿಟ್ಟೆ. ಒಂದೇ ನವಿಲಿನ ಚಾರ್ಟನ್ನು 20 ನಂಬರ್ ದಾರದಲ್ಲೂ 40 ನಂಬರಿನಲ್ಲೂ ಹಾಕಿ ನೋಡಿದೆ. 20ರದ್ದು ಹತ್ತು ಇಂಚು ದಾಟಿತು, 40ರದ್ದು ಎಂಟಕ್ಕೆ ನಿಂತಿತು. ಅದೇ ಚಾರ್ಟನ್ನು ಎರಡು ಬಣ್ಣದ ಉಲ್ಲನ್ನಿನಲ್ಲಿ ಹೆಣೆದೆ, ನವಿಲು ಕುಳ್ಳಾಯಿತು. ಹೆಣಿಗೆಯ ಸ್ಟಿಚ್ ಚೌಕ ಅಲ್ಲ, ಅಗಲ ಜಾಸ್ತಿ ಎತ್ತರ ಕಡಿಮೆ. ಹಾಗಾಗಿ ಫಿಲೆ ಚಾರ್ಟನ್ನು ಹೆಣಿಗೆಗೆ ತರುವಾಗ ನಾಲ್ಕು ಸಾಲಿಗೊಮ್ಮೆ ಒಂದು ಸಾಲನ್ನು ಎರಡು ಸಲ ಹೆಣೆಯುತ್ತೇನೆ. ನವಿಲು ಎದ್ದು ನಿಲ್ಲುತ್ತದೆ. ಈ ತೋರಣ ಈಗ ನಮ್ಮ ದೇವರ ಮನೆ ಬಾಗಿಲಲ್ಲಿದೆ.

ಹುಳದ ವಿಷಯಕ್ಕೆ ಬರುತ್ತೇನೆ. ಮಹಿಳಾ ಸಮಾಜದ ಕಟ್ಟುಗಳಲ್ಲಿ ಸಿಲ್ವರ್ ಫಿಶ್ ತುಂಬಿತ್ತು, ಎರಡು ಕಟ್ಟುಗಳ ಅಡಿಭಾಗ ಗೆದ್ದಲಿಗೆ ಹೋಗಿತ್ತು. ನುಸಿಗುಳಿಗೆ ಹಾಕಿದರೆ ಪುಸ್ತಕ ತೆರೆದವರಿಗೆ ತಲೆನೋವು, ವಾಸನೆ ವರ್ಷ ಕಳೆದರೂ ಹೋಗುವುದಿಲ್ಲ. ನಾನು ಡೀಪ್ ಫ್ರೀಜರ್ ದಾರಿ ಹಿಡಿದೆ. ಕಟ್ಟನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ, ಮೈನಸ್ 18ರಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ತಕ್ಷಣ ಬಿಚ್ಚಿದರೆ ನೀರು ಕಾಗದದ ಮೇಲೇ ಕೂರುತ್ತದೆ, ನುಣುಪು ಆರ್ಟ್ ಪೇಪರ್ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಐಸ್‌ಕ್ರೀಮ್ ಅಂಗಡಿಯ ಪರಿಚಯದವರು ಮಳೆಗಾಲದಲ್ಲಿ ವ್ಯಾಪಾರ ಕಡಿಮೆ ಇದ್ದಾಗ ಒಂದು ಫ್ರೀಜರಿನಲ್ಲಿ ಜಾಗ ಕೊಟ್ಟರು. ಬದಲಿಗೆ ಅವರ ಮಗಳಿಗೆ ಸ್ವೆಟರ್ ಹೆಣೆದುಕೊಟ್ಟೆ. ಅದಾದ ಮೇಲೆ ಪೆಟ್ಟಿಗೆಗಳಲ್ಲಿ ಬಜೆ ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದೇನೆ. ಇಷ್ಟು ದಿನ ಹುಳ ಬಂದಿಲ್ಲ.

ತುಕ್ಕು ಹಿಡಿದ ಪಿನ್ನುಗಳನ್ನೆಲ್ಲ ಸಣ್ಣ ಚಾಕುವಿನಿಂದ ಎತ್ತಿ ತೆಗೆದು, ಅದೇ ತೂತುಗಳಲ್ಲಿ 40 ನಂಬರ್ ಕ್ರೋಶಾ ದಾರದಿಂದ ಹೊಲಿದೆ. ಸೆಲೋಟೇಪ್ ಎಲ್ಲೂ ಹಚ್ಚಿಲ್ಲ. ಹಳೇ ಟೇಪ್ ಕಂದು ಕಲೆ ಬಿಟ್ಟು ಉದುರಿದ್ದನ್ನು ನೋಡಿದ್ದೇನೆ. ಹರಿದ ಕಡೆ ತೆಳು ಕಾಗದ ಅಂಟಿಸಿದೆ. ಮೈದಾ ಅಂಟಿನಿಂದಲ್ಲ, ಅಕ್ಕಿ ಗಂಜಿಯಿಂದಲೂ ಅಲ್ಲ, ಎರಡಕ್ಕೂ ಹುಳ ಬರುತ್ತದೆ. ನಾನು ಬಳಸುವ ಅಂಟು ಬೇರೆ, ಅದನ್ನು ಕೇಳಿದವರಿಗೆ ಮನೆಗೆ ಬಂದಾಗ ತೋರಿಸುತ್ತೇನೆ.

ಕಂಪ್ಯೂಟರಿಗೆ ಯಾಕೆ ಹಾಕಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಹಾಕಿದ್ದೇನೆ. ಮೊದಲು ನಾನೂರು ಸಾಲು ನಾನೇ ಟೈಪ್ ಮಾಡಿದೆ, ಆಮೇಲೆ ಅಣ್ಣನ ಮಗ ಉಳಿದದ್ದನ್ನು ಮುಗಿಸುತ್ತಿದ್ದಾನೆ. ರ‍್ಯಾವೆಲ್ರಿಯಲ್ಲೂ ನಮ್ಮ ಪುಸ್ತಕಗಳನ್ನು ಸೇರಿಸಿ ಅವುಗಳೊಳಗೇ ಹುಡುಕುವ ಅನುಕೂಲ ಇದೆ. 2007ರಿಂದ ಇರುವ ಹೆಣಿಗೆ, ಕ್ರೋಶಾದವರ ವೆಬ್‌ಸೈಟ್ ಅದು, ನನ್ನ ಇಂಗ್ಲಿಷ್ ಪುಸ್ತಕಗಳಲ್ಲಿ ಹಲವು ಅಲ್ಲಿ ಸಿಕ್ಕವು. ನಮ್ಮ ಕನ್ನಡ ತುಣುಕು, ಹಿಂದಿ ವಿಶೇಷಾಂಕ ಅಲ್ಲಿ ಸಿಗಲಿಲ್ಲ. ನನ್ನ ಕೆಲಸಕ್ಕೆ ಬೆಲೆ ಇರುವುದು ಅಲ್ಲೇ. ಫೋನಿನಲ್ಲಿ ಅಕ್ಷರ ಓದಿಸುವ ಆ್ಯಪ್ ಹಾಕಿ ಕನ್ನಡ ತುಣುಕುಗಳನ್ನು ಟೈಪ್ ಮಾಡಿಸಲೂ ನೋಡಿದೆ. ಮಾತುಗಳು ಚೆನ್ನಾಗಿ ಬಂದವು, ಒಂದೂವರೆ ಇಂಚು ಹನ್ನೊಂದು ಆಯಿತು, ನಕ್ಷತ್ರ ಗುರುತುಗಳು ಮಾಯ. ಹೆಣಿಗೆಯಲ್ಲಿ ಅಂಕಿ ತಪ್ಪಿದರೆ ಏನುಳಿಯುತ್ತದೆ? ಅದನ್ನು ನಿಲ್ಲಿಸಿ ಫೋಟೊ ತೆಗೆದಿಟ್ಟೆ. ಚಾರ್ಟನ್ನು ಯಾರಿಗಾದರೂ ಮೆಸೇಜಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚೌಕಗಳು ಕಲಸಿಹೋಗುತ್ತವೆ. ಇಡೀ ಪುಸ್ತಕವನ್ನು ಫೋಟೊ ತೆಗೆದು ಹಂಚುವುದಿಲ್ಲ. ಬೇಕಾದವರಿಗೆ ಪುಸ್ತಕವನ್ನೇ ಕೊಡುತ್ತೇನೆ, ಹೆಸರು ಬರೆದುಕೊಂಡು.

ಖರ್ಚಿನ ಲೆಕ್ಕ. ಸೆಕೆಂಡ್ ಹ್ಯಾಂಡ್ ಸ್ಟೀಲ್ ರ‍್ಯಾಕ್ ಮೂರೂವರೆ ಸಾವಿರ, ಸಾಗಿಸಿದ ಟೆಂಪೊದ ಬಾಡಿಗೆ ಸೇರಿ. ಬಿಡಿ ಹಾಳೆಗಳಿಗೆ ಇಪ್ಪತ್ತರಷ್ಟು ಬಾಕ್ಸ್ ಫೈಲ್, ಸಾವಿರದ ಎಂಟುನೂರು. ಪತ್ರಿಕೆಗಳ ಪೆಟ್ಟಿಗೆ ಮೆಡಿಕಲ್ ಶಾಪಿನ ರಟ್ಟಿನವು, ಬಿಟ್ಟಿ. ಕಾರ್ಡ್ ಏಳುನೂರು. ಫೋಲ್ಡರ್, ಲ್ಯಾಮಿನೇಷನ್‌ನಲ್ಲಿ ಹೋದ ಮೂರು ಸಾವಿರವನ್ನೂ ಸೇರಿಸಿದರೆ ಒಂಬತ್ತು ಸಾವಿರದ ಹತ್ತಿರ. ಬಂದದ್ದು: ಎರಡೆರಡು ಪ್ರತಿ ಇದ್ದವನ್ನು ಮಾರಿದೆ, ಒಂಬತ್ತು ಸಾವಿರ ಚಿಲ್ಲರೆ ಸಿಕ್ಕಿತು. ಜಪಾನಿನ ಎರಡು ಪುಸ್ತಕಕ್ಕೇ ಸಾವಿರದ ನಾನೂರು. ಆಣೆ ಬೆಲೆಯ, ಶಿಲಿಂಗ್ ಬೆಲೆಯ ಹಳೇ ಹಾಳೆಗಳನ್ನು ಕಾಲ ಬರೆದು ಮಾರಿದ್ದರಿಂದ ಒಳ್ಳೇ ಬೆಲೆ ಬಂತು. ಮಳೆಗಾಲದ ಆ ಕೆಲಸದ ಕೂಲಿ ಇಲ್ಲಿ ಸಿಕ್ಕಿತು. ಹುಳ ತಿಂದದ್ದು, ಫ್ಯಾಷನ್ ಪುಟ ಮಾತ್ರ ಉಳಿದದ್ದು ಎಪ್ಪತ್ತು ಕಿಲೊ ಗುಜರಿಗೆ ಹೋಗಿ ಎಂಟುನೂರು ರೂಪಾಯಿ ಆಯಿತು. ಒಟ್ಟಿನಲ್ಲಿ ಕೈಯಿಂದ ಏನೂ ಹೋಗಿಲ್ಲ. "ಸುಮ್ನೆ ದುಡ್ಡು ಹಾಳು" ಎಂದಿದ್ದ ನಮ್ಮ ಮನೆಯವರಿಗೆ ಈ ಚೀಟಿಯನ್ನು ತೋರಿಸಿದ್ದೇನೆ.

ಪದ್ಧತಿಗೆ ಪರೀಕ್ಷೆ ಬಂದದ್ದು ಕಳೆದ ಡಿಸೆಂಬರಿನಲ್ಲಿ. ಗುಂಪಿನ ಹಿರಿಯರೊಬ್ಬರು ಚೀಲ ಹಿಡಿದು ಬಂದರು. "ಏನೇನೋ ಹೇಳ್ತೀರಲ್ಲ, ಇದಕ್ಕೆ ಏನು ಮಾಡ್ಲಿ ಹೇಳಿ" ಎಂದು ಹೆಸರಿಲ್ಲದ ಉಲ್ಲನ್ ಮೇಜಿನ ಮೇಲಿಟ್ಟರು. ಎರಡೂವರೆ ಇಂಚಿನ ಚೌಕ ಹೆಣೆದು ಅಳೆದೆ, ನಾಲ್ಕಿಂಚಿಗೆ 23 ಬಂತು. ತಕ್ಕಡಿಯಲ್ಲಿ 260 ಗ್ರಾಂ. ನೀಲಿ ಡಬ್ಬದಲ್ಲಿ 250ರಿಂದ 275ರ ನಡುವೆ ಹನ್ನೊಂದು ಹನ್ನೆರಡು ಕಾರ್ಡ್. ಅವರು ಆರಿಸಿದ್ದು ಎಂಟು ವರ್ಷದ ಹುಡುಗಿಯ ಮುಂದೆ ಗುಂಡಿಯ ಸ್ವೆಟರ್. ಕಾಫಿ ಆರುವುದರೊಳಗೆ ಪತ್ರಿಕೆ ಅವರ ಕೈಯಲ್ಲಿತ್ತು. ಸಂಕ್ರಾಂತಿಗೆ ಮೊಮ್ಮಗಳು ಅದನ್ನು ತೊಟ್ಟುಕೊಂಡು ಎಳ್ಳು ಬೀರಲು ಬಂದಳು. ಹದಿನೈದು ಗ್ರಾಂ ಉಲ್ಲನ್ ಉಳಿಯಿತಂತೆ.

ನಿವೃತ್ತ ಗ್ರಂಥಪಾಲಕರು ಕಾರ್ಡ್ ನೋಡಿದ ಮೇಲೆ ಒಂದು ಮಾತು ಹೇಳಿದರು. ಇದು ಡ್ಯೂಯಿಗಿಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ದಾರಿಗೆ ಹತ್ತಿರ ಅಂತ. ಒಂದು ವಸ್ತುವನ್ನು ಒಂದೇ ಖಾನೆಗೆ ತುರುಕದೆ ಅದರ ಮುಖಗಳನ್ನು ಬಿಡಿಸಿ ಗುರುತಿಸುವುದು. ರಂಗನಾಥನ್ ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದವರು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದವರು. "ಓದುಗರ ಸಮಯ ಉಳಿಸಬೇಕು" ಎಂಬುದು ಅವರ ಸೂತ್ರಗಳಲ್ಲೊಂದು. ಕೇಳಿ ನನಗೆ ತುಂಬ ಖುಷಿಯಾಯಿತು, ಮುಚ್ಚಿಡುವುದಿಲ್ಲ.

ಇನ್ನು ಉಳಿದಿರುವುದು ಟ್ಯಾಟಿಂಗ್ (ಶಟಲ್ಲಿನಿಂದ ಗಂಟು ಹಾಕಿ ಮಾಡುವ ಲೇಸ್) ಹಾಳೆಗಳ ಒಂದು ಕಟ್ಟು, ಅತ್ತೆಯವರು ಕೈಯಲ್ಲಿ ಬರೆದ ಆರು ನೋಟ್‌ಬುಕ್. ಟ್ಯಾಟಿಂಗ್‌ನಲ್ಲಿ ಟೆನ್ಷನ್ ಸಾಲೂ ಇಲ್ಲ, ಚೌಕಗಳೂ ಇಲ್ಲ. ಸದ್ಯಕ್ಕೆ ಒಂದು ರಿಂಗಿಗೆ ಎಷ್ಟು ಪಿಕೊ (ಸಣ್ಣ ಕುಣಿಕೆ) ಎಂಬುದರ ಮೇಲೆ ಜೋಡಿಸಿ ನೋಡುತ್ತಿದ್ದೇನೆ, ಇನ್ನೂ ಹಿಡಿತಕ್ಕೆ ಬಂದಿಲ್ಲ. ಶಟಲ್ ಹಿಡಿದು ರೂಢಿ ಇರುವವರು ಯಾರಾದರೂ ಬೇರೆ ರೀತಿ ಮಾಡಿದ್ದರೆ ತಿಳಿಸಿ. ನೋಟ್‌ಬುಕ್ಕುಗಳನ್ನು ಪುಟ ಪುಟ ಫೋಟೊ ತೆಗೆದಾಗಿದೆ, ಮಾದರಿಗಳನ್ನು ಒಂದೊಂದಾಗಿ ಹೆಣೆದು ಸ್ಟಿಚ್ ಎಣಿಸಿ ಕಾರ್ಡ್ ಬರೆಯುತ್ತಿದ್ದೇನೆ. ಈಗ ಮೊದಲ ಪುಸ್ತಕದ ಅರ್ಧದಲ್ಲಿದ್ದೇನೆ.